ಏಳನೇ ರೂಟಿನ ಸಾಲು

ನನ್ನ ಈ ಸಿಟ್ಟಿಗೆ ಹದಿನೈದು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ. ಬೇರೆ ಸಿಟ್ಟುಗಳೆಲ್ಲ ಬಂದು ಹೋದವು. ಇದು ಮಾತ್ರ ಹೋಗಲಿಲ್ಲ. ಅದರಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇರುವುದು ಅದಕ್ಕೆ ಕಾರಣವಿರಬಹುದು.

ಆಗ ನಾನು ದೆಹಲಿಯಾಚೆ ಮಾನೇಸರ್‌ನ ಒಂದು ಕಾರ್ಖಾನೆಯಲ್ಲಿದ್ದೆ. ಕಾರಿನ ಮೈಯೊಳಗೆ ಹಾಯುವ ವೈರುಗಳನ್ನು ಅಳತೆಗೆ ಕತ್ತರಿಸಿ, ಕಟ್ಟು ಕಟ್ಟಿ, ತುದಿಗೆ ಕ್ಲಿಪ್ಪು ಹಾಕಿ ಕಳಿಸುವ ಕಾರ್ಖಾನೆ. ಉದ್ದುದ್ದ ಹಲಗೆಗಳ ಮುಂದೆ ನಿಂತು ಆ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಮೇಲಿನ ಮಹಡಿಯಲ್ಲಿ ಐಟಿ ವಿಭಾಗ. ಅಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಅಮ್ಮ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು, ಸೆಕ್ಷನ್ ಆಫೀಸರ್ ಆಗಿ ನಿವೃತ್ತಳಾದವಳು. ನಾನು ಬೆಳೆದದ್ದು ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಮ್ಮ ನಿವೃತ್ತಳಾದ ಮೇಲೆ ದ್ವಾರಕಾ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯ ಎರಡನೇ ಮಹಡಿಗೆ ಬಂದೆವು. ಅಲ್ಲಿಂದ ಬೆಳಿಗ್ಗೆ ಆರೂವರೆಗೆ ಕಂಪನಿಯ ಕ್ಯಾಬು. ಎಕ್ಸ್‌ಪ್ರೆಸ್‌ವೇ ಇನ್ನೂ ಕಟ್ಟುತ್ತಿದ್ದ ಕಾಲ. ದೂಳು, ಅರ್ಧ ನಿಂತ ಕಂಬಗಳು, ಹಾರ್ನುಗಳ ನಡುವೆ ಒಂದೂವರೆ ತಾಸು ಕೂತು ಹೋಗುತ್ತಿದ್ದೆ.

ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಒಬ್ಬ ಸರ್ದಾರ್‌ಜಿ. ಐವತ್ತೈದು ದಾಟಿದವರು, ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿ ಬಂದವರು. ಮಂಡಿನೋವು ಜಾಸ್ತಿಯಾಗಿ ಕೆಲಸ ಬಿಟ್ಟರು. ಒಂದೇ ದಿನದಲ್ಲಿ ಎಲ್ಲವನ್ನೂ ನನಗೆ ಒಪ್ಪಿಸಿ ಹೊರಡುವಾಗ ಹೇಳಿದ್ದರು: "ಬೇಟಾ, ನಾನು ಬೇರೆ ಕಾಗದ ಪತ್ರ ಇಟ್ಟಿಲ್ಲ. ಏನು ಬದಲಾಯಿಸಿದ್ದೀನೋ, ಯಾಕೆ ಬದಲಾಯಿಸಿದ್ದೀನೋ, ಅಲ್ಲಲ್ಲೇ ಬರೆದಿದ್ದೀನಿ. ಓದಿದರೆ ಸಾಕು."

ಅವರು ಹೇಳಿದ್ದು ಕಾನ್ಫಿಗರೇಶನ್ ಫೈಲುಗಳ ಬಗ್ಗೆ. ಸರ್ವರ್‌ನಲ್ಲಿರುವ ಒಂದೊಂದು ಪ್ರೋಗ್ರಾಮಿಗೂ ಇಂಥದೊಂದು ಸಣ್ಣ ಫೈಲಿರುತ್ತದೆ. ಪ್ರೋಗ್ರಾಮು ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಸಾಲು ಸಾಲಾಗಿ ಅದರಲ್ಲಿ ಬರೆದಿರುತ್ತದೆ. ಮಾಡಿದವರು ಒಂದು ರೀತಿ ಬರೆದು ಕಳಿಸಿರುತ್ತಾರೆ, ಬಳಸುವವರು ತಮ್ಮ ಜಾಗಕ್ಕೆ ಹೊಂದುವ ಹಾಗೆ ತಿದ್ದಿಕೊಳ್ಳುತ್ತಾರೆ. ತಿದ್ದಿದ ಸಾಲಿನ ಮೇಲೆ ಒಂದು ಗುರುತು ಹಾಕಿ ಕಾರಣವನ್ನೂ ಬರೆಯಬಹುದು. ಯಂತ್ರ ಆ ಮಾತನ್ನು ಓದುವುದಿಲ್ಲ, ಅದು ಇರುವುದು ಮುಂದೆ ಬರುವ ಮನುಷ್ಯರಿಗೆ. ಸರ್ದಾರ್‌ಜಿ ಅಂಥವನ್ನು ರೋಮನ್ ಅಕ್ಷರದ ಹಿಂದಿಯಲ್ಲಿ ತಾಳ್ಮೆಯಿಂದ ಬರೆದಿಟ್ಟಿದ್ದರು. ನಾನು ಕೆಲವನ್ನು ಓದಿದ್ದೆ. ಎಲ್ಲವನ್ನೂ ಓದಿರಲಿಲ್ಲ.

ಸೇರಿದ ಎರಡನೇ ವರ್ಷ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ಮು ಹಳೆಯದಾಗಿದೆ, ಹೊಸ ಆವೃತ್ತಿಗೆ ಹೋಗಬೇಕು ಎಂದಾಯಿತು. ಹೊರಗಿನಿಂದ ಆಡಿಟ್‌ನವರು ಬರುವವರಿದ್ದರು. ನಮ್ಮ ಐಟಿ ಮ್ಯಾನೇಜರ್‌ಗೆ ಅಷ್ಟರೊಳಗೆ ಅದು ಆಗಬೇಕಿತ್ತು. ನಾನು ಬದಲಾದ ಫೈಲುಗಳ ಪಟ್ಟಿ ತೆಗೆದೆ. ಅರವತ್ತಕ್ಕೂ ಹೆಚ್ಚಿದ್ದವು. ಒಂದೊಂದನ್ನೂ ಹೊಸದರ ಪಕ್ಕ ಇಟ್ಟು ನೋಡಬೇಕು, ನಾಲ್ಕು ದಿನ ಬೇಕು ಅಂತ ಕೇಳಿದೆ.

"ನಾಲ್ಕು ದಿನ? ಭಾನುವಾರ ಒಂದು ದಿನ ಪ್ಲಾಂಟ್ ಮುಚ್ಚಿರುತ್ತೆ. ಅವತ್ತೇ ಮುಗಿಸಿ. ನಾನೂ ಬರ್ತೀನಿ," ಅಂದರು.

ಭಾನುವಾರ ಮಧ್ಯಾಹ್ನ ಬಂದರು. ಕೈಯಲ್ಲಿ ಕಾರಿನ ಕೀಲಿ ಆಡಿಸುತ್ತ ನನ್ನ ಬೆನ್ನ ಹಿಂದೆ ನಿಂತರು. ಯಾವುದೋ ಮದುವೆಗೆ ಹೊರಟವರ ಹಾಗೆ ಬಟ್ಟೆ ತೊಟ್ಟಿದ್ದರು. ನಾನು ಅಪ್‌ಗ್ರೇಡ್ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಮೊದಲನೇ ಪ್ರಶ್ನೆ ಬಂತು. ಈ ಫೈಲನ್ನು ನಿಮ್ಮ ಕಡೆಯವರು ತಿದ್ದಿದ್ದಾರೆ, ಹೊಸದನ್ನು ಹಾಕಲೇ, ನಿಮ್ಮದನ್ನೇ ಉಳಿಸಲೇ, ಎರಡರ ವ್ಯತ್ಯಾಸ ತೋರಿಸಲೇ ಅಂತ ಅದು ಕೇಳುತ್ತದೆ. ಹೊಸದು ಬೇಕಾದರೆ ವೈ ಅಕ್ಷರ ಒತ್ತಬೇಕು, ಏನೂ ಹೇಳದೆ ಎಂಟರ್ ಒತ್ತಿದರೆ ನಮ್ಮದನ್ನೇ ಉಳಿಸುತ್ತದೆ. ಇದನ್ನು ಮಾಡಿದವರು ಯಾರೋ ಎಲ್ಲೋ ಕೂತು, ಗೊತ್ತಿಲ್ಲದವರ ತಿದ್ದುಪಡಿಗೂ ಅಷ್ಟು ಮರ್ಯಾದೆ ಕೊಟ್ಟಿದ್ದರು.

ನಾನು ವ್ಯತ್ಯಾಸ ತೋರಿಸು ಅಂದೆ. ಪರದೆ ತುಂಬ ಸಾಲುಗಳು ಬಂದವು. ಓದಿ ನಮ್ಮದನ್ನು ಉಳಿಸಿದೆ. ಎರಡನೆಯದಕ್ಕೂ ಹಾಗೇ ಮಾಡಿದೆ. ಐದನೆಯದಕ್ಕೆ ಬರುವಷ್ಟರಲ್ಲಿ ಮ್ಯಾನೇಜರ್ ಗಡಿಯಾರ ನೋಡಿದರು.

"ಇದೆಲ್ಲ ಓದ್ತಾ ಕೂತರೆ ಹೇಗೆ? ಹೊಸ ಸಿಸ್ಟಮ್ಮಿಗೆ ಹೊಸ ಫೈಲು. ಆ ಮುದುಕನ ಕಸ ಎಲ್ಲ ಯಾಕೆ ಹೊತ್ತುಕೊಂಡು ಹೋಗಬೇಕು?"

"ಸರ್, ಕೆಲವು ಬೇಕಾಗಿರುತ್ತೆ."

"ಯಾವುದು ಬೇಕು, ಹೇಳಿ."

ಓದದೆ ಹೇಗೆ ಹೇಳಲಿ?

"ಚಲೋ, ವೈ ಒತ್ತಿ. ಏನಾದರೂ ಕೆಟ್ಟರೆ ಆಮೇಲೆ ನೋಡೋಣ."

ನಾನು ವೈ ಒತ್ತಿದೆ. ಇಲ್ಲಿ ನನ್ನನ್ನು ಉಳಿಸಿಕೊಳ್ಳುವ ಹಾಗೆ ಏನೂ ಬರೆಯಬಾರದು. ಅವರು ನನ್ನ ಕೈ ಹಿಡಿದು ಒತ್ತಿಸಲಿಲ್ಲ. ಬೆರಳು ನನ್ನದೇ. ಎದ್ದು ನಿಂತು, ನೀವೇ ಕೂತು ಒತ್ತಿ ಅನ್ನಬಹುದಿತ್ತು. ಅನ್ನಲಿಲ್ಲ. ಮೇಲ್, ಪ್ರಿಂಟರ್, ಬ್ಯಾಕಪ್‌ನ ಫೈಲುಗಳಿಗೆ ಮಾತ್ರ ಹಟ ಮಾಡಿ ಹಳೆಯದನ್ನು ಉಳಿಸಿಕೊಂಡೆ, ಅವು ಕೆಟ್ಟರೆ ಸೋಮವಾರ ಬೆಳಿಗ್ಗೆ ಸಾಹೇಬರ ಫೋನುಗಳೇ ಬರುತ್ತವೆ ಅಂತ. ಹಾಜರಿ ಪ್ರೋಗ್ರಾಮಿನ ಫೈಲು ಬಂದಾಗ ಒಂದು ಕ್ಷಣವೂ ನಿಲ್ಲಲಿಲ್ಲ. ಅದು ಹೊರಗಿನ ಕಂಪನಿಯೊಂದು ಮಾಡಿಕೊಟ್ಟ ಪ್ರೋಗ್ರಾಮು, ಅವರ ಹೊಸ ಫೈಲೇ ಸರಿ ಇರುತ್ತದೆ ಅಂದುಕೊಂಡು ವೈ ಒತ್ತಿದೆ. ನಾಲ್ಕು ಗಂಟೆಗೆ ಎಲ್ಲ ಮುಗಿಯಿತು. ಸೋಮವಾರ ಏನೂ ಕೆಡಲಿಲ್ಲ. ಮ್ಯಾನೇಜರ್ ನನ್ನ ಟೇಬಲ್ಲಿಗೆ ಬಂದು, "ನೋಡಿದ್ರಾ?" ಅಂದರು.

ನಾನು ಮಧ್ಯಾಹ್ನ ಊಟಕ್ಕೆ ಕೆಳಗೆ ಹೆಂಗಸರ ಬೆಂಚಿಗೆ ಹೋಗುತ್ತಿದ್ದೆ. ಮೇಲಿನವರ ಜೊತೆ ಕೂತರೆ ಕ್ರಿಕೆಟ್ಟು ಮತ್ತು ಫ್ಲ್ಯಾಟು ಬಿಟ್ಟು ಬೇರೆ ಮಾತಿರುತ್ತಿರಲಿಲ್ಲ. ಕೆಳಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಮೂವತ್ತರ ಆಸುಪಾಸಿನ ಒಬ್ಬಳು, ಫರುಖ್‌ನಗರದ ಕಡೆಯ ಹಳ್ಳಿಯವಳು. ಮೂಲಂಗಿ ಪರಾಠ ತರುತ್ತಿದ್ದಳು. ನನ್ನ ಡಬ್ಬಿಯ ಚಿತ್ರಾನ್ನ ಅವಳಿಗೆ ಇಷ್ಟ, ಅದರೊಳಗಿನ ಕಡಲೆಬೇಳೆ ಮಾತ್ರ ಬದಿಗೆ ತೆಗೆದಿಡುತ್ತಿದ್ದಳು. ಮಾತು ಕಡಿಮೆ, ನಗು ಜಾಸ್ತಿ. ಟ್ರೈನಿಯಾಗಿ ಸೇರಿ ಹತ್ತು ತಿಂಗಳಾಗಿತ್ತು. ಇನ್ನೆರಡು ತಿಂಗಳಿಗೆ ಕಾಯಂ ಆಗುವವಳಿದ್ದಳು. ಅವಳ ಕೈ ಎಷ್ಟು ಚುರುಕೆಂದರೆ ಲೈನಿನ ಮೇಲ್ವಿಚಾರಕ ಹೊಸಬರನ್ನು ಅವಳ ಪಕ್ಕ ನಿಲ್ಲಿಸಿ, ನೋಡಿ ಕಲಿಯಿರಿ ಅನ್ನುತ್ತಿದ್ದ.

ಅಪ್‌ಗ್ರೇಡ್ ಆದ ಮೂರನೇ ವಾರ ಅವಳು ಊಟದ ಹೊತ್ತಿಗೆ ಒಂದು ಕಾಗದ ತಂದಳು. "ಮೇಡಂಜಿ, ಇಂಗ್ಲಿಷಲ್ಲಿದೆ. ಏನು ಬರೆದಿದ್ದಾರೆ ನೋಡಿ."

ಎಚ್ಆರ್ ಕಳಿಸಿದ ಎಚ್ಚರಿಕೆ ಪತ್ರ. ಹದಿನೈದು ದಿನದಲ್ಲಿ ಹನ್ನೊಂದು ದಿನ ತಡವಾಗಿ ಬಂದಿದ್ದೀರಿ, ಹೀಗೇ ಆದರೆ ತರಬೇತಿ ಅವಧಿಯಲ್ಲೇ ಕೆಲಸದಿಂದ ತೆಗೆಯಲಾಗುವುದು ಅಂತಿತ್ತು. ಓದಿ ಹೇಳಿದೆ.

"ನಾನೆಲ್ಲಿ ತಡ? ದಿನಾ ಅದೇ ಬಸ್ಸು. ಕಂಪನಿಯ ಬಸ್ಸೇ ಅಲ್ವಾ?"

"ಕಾರ್ಡು ಉಜ್ಜಿದ ಸಮಯ ಮಷೀನಿನಲ್ಲಿರುತ್ತೆ," ಅಂದೆ ನಾನು. "ಮಷೀನು ಸುಳ್ಳು ಹೇಳಲ್ಲ. ಸ್ವಲ್ಪ ಬೇಗ ಹೊರಡೋಕೆ ನೋಡಿ."

ಅವಳು ನನ್ನ ಮುಖ ನೋಡಿದಳು. ಕಾಗದ ಮಡಚಿ ಡಬ್ಬಿಯ ಕೆಳಗಿಟ್ಟಳು. ಆ ಮಾತು ಆಡಿದ ನನ್ನ ದನಿ ನನಗೆ ಇವತ್ತಿಗೂ ನೆನಪಿದೆ. ಬುದ್ಧಿ ಹೇಳುವ ದನಿ. ಕಂಪನಿಯ ಬಸ್ಸಿನಲ್ಲಿ ಬರುವವಳು ಬೇಗ ಹೊರಡುವುದು ಹೇಗೆ ಅಂತ ಕೂಡ ನನಗೆ ಹೊಳೆಯಲಿಲ್ಲ.

ಆಮೇಲೆ ಆಡಿಟ್ ಬಂತು. ನಾನು ಎರಡು ವಾರ ಕೆಳಗೆ ಊಟಕ್ಕೆ ಹೋಗಲಿಲ್ಲ. ಆ ಗಡಿಬಿಡಿಯಲ್ಲಿ ಎಚ್ಆರ್‌ನಿಂದ ಎಂದಿನಂತೆ ಕೆಲಸದಿಂದ ಹೋದವರ, ರದ್ದು ಮಾಡಬೇಕಾದ ಹಾಜರಿ ಕಾರ್ಡುಗಳ ಪಟ್ಟಿ ಬಂತು. ಅದರಲ್ಲಿ ಹೆಸರಿರುವುದಿಲ್ಲ, ನಂಬರು ಮಾತ್ರ. ನಾಲ್ಕು ನಂಬರುಗಳಿದ್ದವು. ನಾಲ್ಕನ್ನೂ ರದ್ದು ಮಾಡಿ, ಆಯಿತು ಅಂತ ಉತ್ತರ ಕಳಿಸಿದೆ.

ಅದಾಗಿ ಎರಡು ದಿನಕ್ಕೆ ಗೇಟಿನ ಕಾರ್ಡ್ ರೀಡರ್ ಸರಿಯಾಗಿ ಓದುತ್ತಿಲ್ಲ ಅಂತ ಬೆಳಿಗ್ಗೆಯೇ ಅಲ್ಲಿಗೆ ಹೋಗಿ ನಿಂತಿದ್ದೆ. ಫರುಖ್‌ನಗರದ ಕಡೆಯಿಂದ ಕಂಪನಿಯ ಏಳನೇ ರೂಟಿನ ಬಸ್ಸು ಬಂತು. ಬಾಗಿಲು ಪೂರ್ತಿ ತೆರೆಯುವ ಮೊದಲೇ ಹೆಂಗಸರು ಇಳಿದು ಓಡತೊಡಗಿದರು. ದುಪಟ್ಟಾ ಬಾಯಲ್ಲಿ ಕಚ್ಚಿಕೊಂಡು, ಡಬ್ಬಿ ಎದೆಗವಚಿಕೊಂಡು, ಒಬ್ಬರನ್ನೊಬ್ಬರು ತಳ್ಳುತ್ತ. ಒಬ್ಬಳು ಎಡವಿ ಬಿದ್ದಳು. ಯಾರೂ ನಿಲ್ಲಲಿಲ್ಲ. ನಾನು ಹೋಗಿ ಎಬ್ಬಿಸಿದೆ. ಅಂಗೈ ತರಚಿತ್ತು.

"ಯಾಕೆ ಹೀಗೆ ಓಡ್ತೀರಿ?"

"ಒಂದು ತಿಂಗಳಿಂದ ನಮ್ಮ ರೂಟಿನವರನ್ನೆಲ್ಲ ಮಷೀನು ಲೇಟು ಅಂತ ತಗೊಳ್ತಿದೆ, ಮೇಡಂ. ಮೊದಲು ಹೀಗಿರಲಿಲ್ಲ. ಟ್ರೈನಿಗಳಲ್ಲಿ ನಾಲ್ಕು ಜನರನ್ನ ತೆಗೆದೇಬಿಟ್ಟರು. ನಿಮ್ಮ ಜೊತೆ ಊಟ ಮಾಡ್ತಿದ್ದಳಲ್ಲ, ಅವಳನ್ನೂ."

ಒಂದು ತಿಂಗಳು. ನಾಲ್ಕು ಜನ. ರೀಡರನ್ನು ಹಾಗೇ ಬಿಟ್ಟು ಮೆಟ್ಟಿಲು ಹತ್ತಿದೆ.

ಹೊಸ ಫೈಲನ್ನು ಹಾಕುವಾಗ ಸಿಸ್ಟಮ್ಮು ಹಳೆಯದನ್ನು ಎಸೆಯುವುದಿಲ್ಲ. ಹೆಸರಿನ ಕೊನೆಗೆ ಹಳೆಯದು ಅನ್ನುವ ಗುರುತು ಸೇರಿಸಿ ಪಕ್ಕದಲ್ಲೇ ಇಟ್ಟಿರುತ್ತದೆ. ಹಾಜರಿ ಪ್ರೋಗ್ರಾಮಿನದನ್ನು ತೆರೆದೆ. ನಡುವೆ ಒಂದೇ ಒಂದು ಸಾಲು, ಏಳನೇ ರೂಟಿನ ಕಾರ್ಡುಗಳಿಗೆ ಇಪ್ಪತ್ತೈದು ನಿಮಿಷ ವಿನಾಯಿತಿ. ಅದರ ಮೇಲೆ ಸರ್ದಾರ್‌ಜಿಯ ಹಿಂದಿಯಲ್ಲಿ ಬರೆದಿತ್ತು: ಈ ಕಡೆಯ ರಸ್ತೆ ಒಡೆದಿದೆ, ಬಸ್ಸು ತಡವಾಗಿ ಬರುತ್ತದೆ, ಹುಡುಗಿಯರ ತಪ್ಪಲ್ಲ. ಪ್ಲಾಂಟ್ ಹೆಡ್ ಒಪ್ಪಿದ್ದಾರೆ. ರಸ್ತೆ ಸರಿಯಾಗುವ ತನಕ ಇದನ್ನು ತೆಗೆಯಬೇಡಿ.

ಮೊದಲು ಆ ಸಾಲನ್ನು ಹೊಸ ಫೈಲಿಗೆ ಸೇರಿಸಿದೆ. ಅರ್ಧ ನಿಮಿಷದ ಕೆಲಸ. ಆಮೇಲೆ ಸರ್ದಾರ್‌ಜಿಗೆ ಫೋನ್ ಮಾಡಿದೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಬರೆದಿದ್ದೆನಲ್ಲ, ಬೇಟಾ," ಅಂದರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗಿ ಎರಡು ಫೈಲಿನ ಪ್ರಿಂಟು ಮುಂದಿಟ್ಟೆ. ಅವರು ಓದಿದರು. ಬಾಗಿಲು ಹಾಕಿ ಬನ್ನಿ ಅಂದರು.

"ಸರಿ ಮಾಡಿದ್ರಲ್ಲ? ಮುಗೀತು."

"ನಾಲ್ಕು ಜನರ ಕೆಲಸ ಹೋಗಿದೆ, ಸರ್."

"ಅದು ಎಚ್ಆರ್ ವಿಷಯ. ಆಡಿಟ್ ಈಗ ತಾನೇ ಕ್ಲೀನಾಗಿ ಮುಗಿದಿದೆ. ಇದನ್ನ ಈಗ ಎತ್ತಿದರೆ ಮೊದಲು ಬರೋ ಪ್ರಶ್ನೆ ವೈ ಒತ್ತಿದ್ದು ಯಾರು ಅಂತ. ಯೋಚನೆ ಮಾಡಿ."

ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ಒಳ್ಳೆಯ ಸಲಹೆ ಕೊಡುವವರ ಹಾಗೆ ಮೆತ್ತಗೆ ಹೇಳಿದರು. ಆ ಮೆತ್ತಗಿನ ದನಿಯನ್ನು ನಾನು ಕ್ಷಮಿಸಿಲ್ಲ.

ಎಚ್ಆರ್‌ನ ಅಧಿಕಾರಿ ಇನ್ನೂ ಸರಳವಾಗಿ ಮುಗಿಸಿದರು. "ವಿನಾಯಿತಿ ಕೊಟ್ಟ ಆದೇಶ ಎಲ್ಲಿದೆ?"

"ಫೈಲಿನಲ್ಲಿದೆ."

"ಯಾವ ಫೈಲು? ತಂದು ತೋರಿಸಿ."

ಪ್ರಿಂಟು ತೋರಿಸಿದೆ. "ಇದು ಕಂಪ್ಯೂಟರಿನಲ್ಲಿ ಯಾರೋ ಬರೆದುಕೊಂಡಿದ್ದು. ಸಹಿ ಇದೆಯಾ? ಹಳೇ ಪ್ಲಾಂಟ್ ಹೆಡ್ ಈಗ ಇಲ್ಲವೇ ಇಲ್ಲ," ಅಂದರು. ಕಾರ್ಡು ರದ್ದು ಮಾಡುವಾಗ ಅವರಿಗೆ ಯಾರ ಸಹಿಯೂ ಬೇಕಿರಲಿಲ್ಲ. ಅದಕ್ಕೆ ಕಂಪ್ಯೂಟರಿನಲ್ಲಿ ಇದ್ದದ್ದೇ ಸಾಕಾಗಿತ್ತು. ಇದನ್ನು ಅವರಿಗೆ ಹೇಳಿದೆ. ನಿಮ್ಮ ಟೋನ್ ಸರಿಯಿಲ್ಲ ಅಂದರು.

ಮನೆಗೆ ಬಂದು ಚಪ್ಪಲಿ ಎಸೆದದ್ದು ನೋಡಿ ಅಮ್ಮ ಕೇಳಿದಳು. ಅಲ್ಲೇ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಅರ್ಧ ಹಿಂದಿಯಲ್ಲಿ ಹೇಳಿದೆ. ಸಿಟ್ಟು ಬಂದಾಗ ನನಗೆ ಕನ್ನಡ ಸಾಲುವುದಿಲ್ಲ.

"ಬಾಯಲ್ಲಿ ಹೇಳಿ ಬಂದ್ಯಾ?" ಅಂದಳು ಅಮ್ಮ.

"ಮತ್ತೆ?"

"ಬರಿ. ಒಂದೇ ಪುಟ. ಏನಿತ್ತು, ಯಾವತ್ತು ತೆಗೆದಿರಿ, ಯಾರು ತೆಗೆದರು, ಅದರಿಂದ ಏನಾಯ್ತು. ಸಿಟ್ಟು ಅದರಲ್ಲಿ ಒಂದು ಅಕ್ಷರಾನೂ ಇರಕೂಡದು. ಎರಡು ಪ್ರತಿ ಮಾಡು. ಒಂದರ ಮೇಲೆ ಅವರ ಕೈಲಿ ಬಂತು ಅಂತ ಬರೆಸ್ಕೊಂಡು ಬಾ."

"ಯಾರು ತೆಗೆದರು ಅನ್ನೋ ಕಡೆ?"

"ನೀನೇ ಅಲ್ವಾ? ನಿನ್ನ ಹೆಸರು ಬರಿ. ಯಾರು ಹೇಳಿದ್ದಕ್ಕೆ ಅನ್ನೋದನ್ನೂ ಬರಿ."

ಊಟದ ಟೇಬಲ್ಲಿನ ಮೇಲೆ ಬರೆದೆ. ಅಮ್ಮ ಕನ್ನಡಕ ಹಾಕಿಕೊಂಡು ಮೂರು ಸಲ ಹೊಡೆದು ಹಾಕಿದಳು. "ಅನ್ಯಾಯ ಅನ್ನೋ ಪದ ತೆಗಿ. ಓದೋರಿಗೆ ತಾನಾಗೇ ಅನ್ನಿಸಬೇಕು," ಅಂದಳು. ಅವಳ ಮೇಲೂ ಸಿಟ್ಟು ಬಂತು. ಆದರೆ ಅವಳು ಹೇಳಿದ ಹಾಗೇ ಬರೆದೆ.

ಮಾರನೇ ದಿನ ನೇರವಾಗಿ ಹೊಸ ಪ್ಲಾಂಟ್ ಹೆಡ್ ಹತ್ತಿರ ಹೋದೆ. ಅವರು ನಿಂತೇ ಓದಿದರು, ಆಮೇಲೆ ಕೂತು ಇನ್ನೊಮ್ಮೆ ಓದಿದರು. ಬಸ್ಸಿನ ಗೇಟ್ ರಿಜಿಸ್ಟರ್ ತರಿಸಿದರು. ಆ ಒಂದು ತಿಂಗಳಲ್ಲಿ ಏಳನೇ ರೂಟಿನ ಬಸ್ಸು ಸಮಯಕ್ಕೆ ಬಂದದ್ದು ಮೂರೇ ದಿನ. ವಾಚ್‌ಮನ್ ಕೈಬರಹದಲ್ಲಿ ಎಲ್ಲ ಇತ್ತು. ಎಚ್ಆರ್ ಆಗಲಿ ನಾನಾಗಲಿ ಆ ಪುಸ್ತಕ ತೆರೆದು ನೋಡಿರಲಿಲ್ಲ.

ಎಚ್ಚರಿಕೆ ಪತ್ರಗಳನ್ನು ಹಿಂದಕ್ಕೆ ಪಡೆದರು. ತೆಗೆದ ನಾಲ್ಕು ಜನರ ವಿಷಯಕ್ಕೆ ಮಾತ್ರ ಎಚ್ಆರ್ ಹಟ ಹಿಡಿಯಿತು. ಅವರ ಜಾಗಕ್ಕೆ ಆಗಲೇ ಹೊಸಬರು ಬಂದಿದ್ದಾರೆ ಅಂತ. ಒಂದು ವಾರ ಎಳೆದಾಡಿ ಕೊನೆಗೆ ಬಂದ ತೀರ್ಮಾನ: ಬೇಕಾದರೆ ಅವರು ವಾಪಸ್ ಬರಬಹುದು, ಆದರೆ ಹೊಸ ಟ್ರೈನಿಗಳಾಗಿ, ಮೊದಲ ದಿನದಿಂದ.

ಆ ಮಾತು ಹೇಳಲು ಭಾನುವಾರ ನಾನೇ ಅವಳ ಹಳ್ಳಿಗೆ ಹೋದೆ. ಬಸ್ಸು ಇಳಿದು ಕೇಳುತ್ತ ಹೋದಾಗ ಅವಳು ಅಂಗಳದಲ್ಲಿ ಎಮ್ಮೆಗೆ ಮೇವು ಕತ್ತರಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಹಗ್ಗದ ಚಾರ್‌ಪಾಯಿ ಮಂಚ ಎಳೆದು ಹಾಕಿ, ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟಳು. ನಾನು ಚಹಾ ಮುಟ್ಟುವ ಮೊದಲೇ ಎಲ್ಲ ಹೇಳಿಬಿಟ್ಟೆ. ಸಾಲು ಇದ್ದದ್ದು, ನಾನು ತೆಗೆದದ್ದು, ಕಾರ್ಡು ರದ್ದು ಮಾಡಿದವಳೂ ನಾನೇ ಅನ್ನುವುದು.

ಅವಳ ನಗು ಹೋಯಿತು. ಕತ್ತಿಯನ್ನು ನೆಲದ ಮೇಲಿಟ್ಟಳು.

"ಅವತ್ತು ಕಾಗದ ತಂದಾಗ ನೀವು ನೋಡಬಹುದಿತ್ತಲ್ಲ, ಮೇಡಂಜಿ."

"ನೋಡಬಹುದಿತ್ತು."

"ನಾನು ಮನೆಗೆ ಬಂದು ಅತ್ತೆಗೆ ಹೇಳಿದೆ, ಮೇಡಂ ಓದಿದವರು, ಅವರೇ ಹೇಳಿದರು ಮಷೀನು ಸುಳ್ಳು ಹೇಳಲ್ಲ ಅಂತ. ಎಲ್ಲರೂ ನಾನೇ ಎಲ್ಲೋ ನಿಂತು ತಡ ಮಾಡ್ತೀನಿ ಅಂದುಕೊಂಡರು. ಎಲ್ಲಿ ನಿಲ್ತೀಯಾ ಅಂತ ಗಂಡ ಕೇಳಿದ."

ನಾನು ಚಹಾದ ಲೋಟವನ್ನು ಹಾಗೇ ನೆಲದ ಮೇಲಿಟ್ಟೆ.

ವಾಪಸ್ ಬರುವ ವಿಷಯ ತಿಳಿಸಿದೆ. ಅವಳು ಯೋಚನೆ ಮಾಡಲೂ ಇಲ್ಲ. "ಹನ್ನೊಂದು ತಿಂಗಳು ನಿಂತು ಕೆಲಸ ಮಾಡಿದ್ದೀನಿ. ನಾನು ಕಲಿಸಿದ ಹುಡುಗಿಯರು ಕಾಯಂ ಆಗ್ತಾರೆ, ನಾನು ಅವರ ಪಕ್ಕ ನಿಂತು ಹೊಸಬಳ ಹಾಗೆ ಕಲೀಬೇಕಾ? ಬೇಡ. ಹನ್ನೊಂದು ತಿಂಗಳೂ ಎಣಿಸ್ತೀವಿ ಅಂದರೆ ಬರ್ತೀನಿ. ಹೋಗಿ ಹೇಳಿ."

ಹೋಗಿ ಹೇಳಿದೆ. ಇನ್ನೊಂದು ಪುಟ ಬರೆದು ಕೊಟ್ಟೆ. ಅದಕ್ಕೆ ಉತ್ತರವೇ ಬರಲಿಲ್ಲ. ಉಳಿದ ಮೂವರಲ್ಲಿ ಇಬ್ಬರು ಮತ್ತೆ ಮೊದಲ ದಿನದಿಂದ ಸೇರಿದರು. ಅವಳು ಬರಲಿಲ್ಲ. ಕೆಲವು ತಿಂಗಳ ಮೇಲೆ ಬೇರೊಂದು ಕಾರ್ಖಾನೆಯಲ್ಲಿ ಸೇರಿದಳು ಅಂತ ಬೆಂಚಿನವರು ಹೇಳಿದರು. ಅವಳಾಗಿ ನನಗೇನೂ ಹೇಳಿ ಕಳಿಸಲಿಲ್ಲ. ಕಳಿಸಲಿ ಅಂತ ನಾನು ಕಾಯುವುದೂ ಸರಿಯಲ್ಲ.

ವರ್ಷದ ಕೊನೆಗೆ ಮ್ಯಾನೇಜರ್‌ಗೆ ಬಡ್ತಿ ಬಂತು. ಅಪ್‌ಗ್ರೇಡನ್ನು ಒಂದೇ ದಿನದಲ್ಲಿ, ಯಾವ ತೊಂದರೆಯೂ ಇಲ್ಲದೆ ಮುಗಿಸಿದ್ದಕ್ಕೆ ಅಂತ ಎಲ್ಲರಿಗೂ ಮೇಲ್ ಬಂತು. ಅದರಲ್ಲಿ ನನ್ನ ಸಹಕಾರಕ್ಕೂ ಧನ್ಯವಾದ ಇತ್ತು. ನಾನು ಅದೇ ಮೇಲಿಗೆ, ಎಲ್ಲರಿಗೂ ಹೋಗುವ ಹಾಗೆ, ನನ್ನ ಒಂದು ಪುಟವನ್ನು ಲಗತ್ತಿಸಿ ಉತ್ತರ ಕಳಿಸಿದೆ. ಮೇಲಿನಲ್ಲಿ ಬೇರೇನೂ ಬರೆಯಲಿಲ್ಲ.

ಹತ್ತು ನಿಮಿಷಕ್ಕೆ ಇಂಟರ್‌ಕಾಮ್ ಬಡಿದುಕೊಳ್ಳತೊಡಗಿತು. ಒಂದೆರಡು ಟೇಬಲ್ಲಿನಾಚೆ ಕೂತಿದ್ದವರು ತಲೆಯೆತ್ತಿ ನನ್ನತ್ತ ನೋಡಿ, ಮತ್ತೆ ತಗ್ಗಿಸಿದರು. ಅದು ಬಡಿದುಕೊಂಡು ನಿಂತಿತು, ಮತ್ತೆ ಬಡಿದುಕೊಂಡಿತು. ನಾನು ಎತ್ತಲಿಲ್ಲ. ಆ ಸಂಜೆ ಕ್ಯಾಬು ಬರುವ ತನಕ ಕೂತು, ಸರ್ವರ್‌ನಲ್ಲಿ ಇನ್ನೂ ಓದದೆ ಉಳಿದಿದ್ದ ಹಳೆಯ ಫೈಲುಗಳನ್ನು ಒಂದೊಂದಾಗಿ ತೆರೆದು ಓದಿದೆ.